ಲೋಹವನ್ನು ಮೂಳೆ ಒಪ್ಪುವ ಬಗೆ

ಮಂಗಳೂರು: ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಸರಕಿನ ಮೂಟೆ ಹೊರುವವರಿಗೆ ಸೊಂಟದ ಕೀಲೇ ಬಂಡವಾಳ. ಬರಿಗೈಯಲ್ಲಿ ನಡೆದರೂ ಆ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ. ಹೊರೆಯಿದ್ದರೆ ಇನ್ನೂ ಹೆಚ್ಚು. ಕೀಲು ತೀರಾ ಸವೆದರೆ ಅಥವಾ ರಕ್ತ ಪೂರೈಕೆ ನಿಂತು ತೊಡೆಮೂಳೆಯ ತಲೆ ಕುಸಿದರೆ ಕೃತಕ ಕೀಲು ಜೋಡಣೆಯೇ ಉಳಿಯುವ ದಾರಿ. ಆಗ ಕೇಳಿಬರುವ ಮಾತು 'ಸೆರಾಮಿಕ್ ಲೇಪನ'.

ಇಲ್ಲಿ ಗೊಂದಲ ಸಹಜ. ಕೀಲಿನ ಗುಂಡು ಸೆರಾಮಿಕ್‌ನದ್ದಾಗಿದ್ದರೆ ಅದು ಸವೆತ ತಗ್ಗಿಸಲು. ಲೇಪನದ ಕೆಲಸವೇ ಬೇರೆ. ತೊಡೆಮೂಳೆಯೊಳಗೆ ಇಳಿಸುವ ಟೈಟಾನಿಯಂ ಸಲಾಕೆಯನ್ನು ಮೂಳೆಗೆ ಬೆಸೆಯುವುದು ಅದರ ಉದ್ದೇಶ.

1960ರ ದಶಕದಲ್ಲಿ ಬ್ರಿಟನ್ನಿನ ಜಾನ್ ಚಾರ್ನ್ಲಿ ರೂಢಿಗೆ ತಂದ ವಿಧಾನದಲ್ಲಿ ಸಲಾಕೆಯನ್ನು ಅಕ್ರಿಲಿಕ್ ಸಿಮೆಂಟ್ ಹಿಡಿದಿಡುತ್ತದೆ. ವಯಸ್ಸಾದವರಿಗೆ ಇಂದಿಗೂ ಅದು ಬಳಕೆಯಲ್ಲಿದೆ. 1985ರಲ್ಲಿ ಲಂಡನ್ನಿನ ರೊನಾಲ್ಡ್ ಫರ್ಲಾಂಗ್ ಹೈಡ್ರಾಕ್ಸಿಅಪಟೈಟ್ ಲೇಪಿತ ಸಲಾಕೆಯನ್ನು ರೋಗಿಗೆ ಅಳವಡಿಸಿದರು. ಇದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳ ಖನಿಜ. ಮೂಳೆಗೆ ಗಟ್ಟಿತನ ಕೊಡುವ ಖನಿಜವೂ ಇದೇ ಜಾತಿಯದು.

ಸಲಾಕೆ ಇಳಿದೊಡನೆ ಸುತ್ತ ರಕ್ತ ಹೆಪ್ಪುಗಟ್ಟುತ್ತದೆ. ಲೇಪನದ ಮೇಲ್ಪದರ ಅಲ್ಪಸ್ವಲ್ಪ ಕರಗುತ್ತದೆ. ಅದಕ್ಕೆ ಮೊದಲು ಪ್ರೋಟೀನ್‌ಗಳು, ಬಳಿಕ ಮೂಳೆ ಕಟ್ಟುವ ಜೀವಕೋಶಗಳು ಅಂಟುತ್ತವೆ. ಕೆಲವೇ ವಾರಗಳಲ್ಲಿ ಎಳೆಮೂಳೆ ಹೆಣೆದುಕೊಂಡು, ಮುಂದಿನ ತಿಂಗಳುಗಳಲ್ಲಿ ಪದರಪದರವಾದ ಗಟ್ಟಿ ಮೂಳೆಯಾಗಿ ಮಾರ್ಪಡುತ್ತದೆ.

ಆದರೆ ಲೇಪನ ಕರೆಯಬಲ್ಲುದೇ ಹೊರತು, ಒಪ್ಪಬೇಕಾದ್ದು ಮೂಳೆ. ಆರಂಭದಲ್ಲಿ ಸಲಾಕೆ ಸುಮಾರು 150 ಮೈಕ್ರಾನ್, ಅಂದರೆ ಮಿಲಿಮೀಟರಿನ ಏಳನೇ ಒಂದು ಭಾಗಕ್ಕಿಂತ ಹೆಚ್ಚು ಅಲುಗಾಡುತ್ತಿದ್ದರೆ, ಅಲ್ಲಿ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ. ಹಸಿ ಗಾರೆಯ ಮೇಲಿಟ್ಟ ಮುರಕಲ್ಲನ್ನು ಅಲುಗಿಸಿದಂತೆ. ಮತ್ತೆ ಅದು ಗಟ್ಟಿಯಾಗಿ ಕೂರುವುದಿಲ್ಲ.

ಬೆಸೆದ ಬಳಿಕವೂ ಮೂಳೆ ಸುಮ್ಮನಿರುವುದಿಲ್ಲ. ಭಾರವನ್ನು ಲೋಹವೇ ಹೊತ್ತರೆ, ಕೆಲಸವಿಲ್ಲದ ಭಾಗದ ಮೂಳೆ ತೆಳುವಾಗುತ್ತದೆ. ಕೀಲಿನ ಪ್ಲಾಸ್ಟಿಕ್ ಬಟ್ಟಲು ಸವೆದು ಉದುರುವ ಸೂಕ್ಷ್ಮ ಕಣಗಳೂ ಕಾಲಾಂತರದಲ್ಲಿ ಮೂಳೆಯನ್ನು ಕರಗಿಸಬಲ್ಲವು. ಆದ್ದರಿಂದ ನೋವಿಲ್ಲದಿದ್ದರೂ ವೈದ್ಯರು ಸೂಚಿಸಿದಾಗ ಎಕ್ಸ್-ರೇ ತೆಗೆಸುವುದು ಅಗತ್ಯ.

ಇಂದು ಹಲವು ರೋಗಿಗಳನ್ನು ಶಸ್ತ್ರಚಿಕಿತ್ಸೆಯ ಮರುದಿನವೇ ನಡೆಸಲಾಗುತ್ತದೆ. ಆದರೆ ನಡೆಯುವುದಕ್ಕೂ ಮೂಟೆ ಹೊರುವುದಕ್ಕೂ ಬಹಳ ಅಂತರವಿದೆ. ದಿನಗೂಲಿಯನ್ನೇ ನಂಬಿದವರಿಗೆ ಕಾಯುವ ವಾರಗಳು ದುಬಾರಿ. ಅವಸರಪಟ್ಟು ಸಡಿಲಗೊಂಡ ಕೀಲಿಗೆ ಎರಡನೇ ಶಸ್ತ್ರಚಿಕಿತ್ಸೆ ಅದಕ್ಕಿಂತಲೂ ದುಬಾರಿ.