ಹೊಟ್ಟೆ ಮೊದಲೇ ಹೇಳಿತ್ತು

ವಡೋದರಾ ಸ್ಟೇಶನ್ನಿನ ಪಶ್ಚಿಮ ದಿಕ್ಕಿಗೆ ಇಳಿದರೆ ಅಲ್ಕಾಪುರಿ. ಮದುವೆಯಾಗಿ ಹೋದಂದಿನಿಂದ ಅಲ್ಲೇ ಇರುವ ನನ್ನ ಅಕ್ಕ ಹೋದ ದೀಪಾವಳಿಗೆ ಫೋನು ಮಾಡಿದವಳು ಹಬ್ಬದ ಮಾತು ಮುಗಿಯುವ ಮೊದಲೇ ದನಿ ತಗ್ಗಿಸಿದಳು.

"ಕುತ್ತಿಗ್ಯಾಗ ಗಂಟು ಐತಿ ಅಂತ ಸ್ಕ್ಯಾನಿಂಗ್‌ನ್ಯಾಗ ಬಂದೈತಿ. ಆರು ತಿಂಗಳಿಂದ ಹೊಟ್ಟಿ ಉಬ್ಬರ ಬ್ಯಾರೆ. ಎರಡು ರೊಟ್ಟಿ ತಿಂದ್ರ ಸಾಕು, ನಿರಿಗಿ ಸಡಲ ಮಾಡಬೇಕಾಗತೈತಿ. ಎರಡಕ್ಕೂ ಏನರ ಸಂಬಂಧ ಐತೇನೋ ತಮ್ಮಾ?"

ಕ್ಯಾನ್ಸರ್ ಎಂಬ ಪದವನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಸೂಜಿ ಪರೀಕ್ಷೆಯಲ್ಲಿ ಗಂಟು ನಿರುಪದ್ರವಿ ಎಂದು ಬಂತು. ರಕ್ತದಲ್ಲಿ ಟಿಎಸ್‌ಎಚ್ ಏರಿತ್ತು, ಅಂದರೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಕೊಡುತ್ತಿರಲಿಲ್ಲ. ಹಾರ್ಮೋನು ಕಡಿಮೆಯಾದರೆ ಕರುಳಿನ ನಡೆ ನಿಧಾನ. ಮಲ ಕಟ್ಟುತ್ತದೆ, ವಾಯು ತುಂಬುತ್ತದೆ, ಹೊಟ್ಟೆ ಉಬ್ಬುತ್ತದೆ. ಮಾತ್ರೆ ಶುರುವಾಯಿತು. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಪ್ಯಾಪಿಲರಿ ಎಂಬ ಬಗೆಯವು. ಅವು ಸಾಮಾನ್ಯವಾಗಿ ಹೊಟ್ಟೆ ಉಬ್ಬಿಸುವುದಿಲ್ಲ. ಇಷ್ಟನ್ನು ಅಕ್ಕನಿಗೆ ಹೇಳಿ ಸಮಾಧಾನ ಮಾಡಿದೆ. ಆದರೆ "ಸಂಬಂಧವೇ ಇಲ್ಲ" ಎನ್ನಲು ನಾಲಿಗೆ ಹೊರಳಲಿಲ್ಲ. ಬಹಳ ಅಪರೂಪದ ಒಂದು ಸಂಬಂಧ ಇದೆ. ಅದನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

1886ರಲ್ಲಿ ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ ಬರ್ಲಿನ್ನಿನ ಸಭೆಯೊಂದರಲ್ಲಿ ಎರಡು ಕೂಸುಗಳ ಕತೆ ಹೇಳಿದ. ಹುಟ್ಟಿದಾಗಿನಿಂದ ಮಲಬದ್ಧತೆ, ನಗಾರಿಯಂತೆ ಬಿಗಿದ ಹೊಟ್ಟೆ; ಎರಡೂ ಉಳಿಯಲಿಲ್ಲ. ದೊಡ್ಡ ಕರುಳು ವಿಪರೀತ ಹಿಗ್ಗಿದ್ದನ್ನು ಕಂಡು ರೋಗ ಅಲ್ಲಿಯೇ ಇದೆ ಎಂದುಕೊಂಡ. ತಪ್ಪು ಇದ್ದದ್ದು ಅದರ ಕೆಳಗೆ, ನೋಡಲು ಸರಿಯಾಗಿಯೇ ಕಾಣುವ ಸಣ್ಣ ತುಂಡಿನಲ್ಲಿ. ಆ ತುಂಡಿನ ಗೋಡೆಯಲ್ಲಿ ನರಕೋಶಗಳೇ ಇರಲಿಲ್ಲ. ನರವಿಲ್ಲದ ಕರುಳು ಸಡಿಲುವುದಿಲ್ಲ, ಹಾಗಾಗಿ ಮೇಲಿನ ಭಾಗ ತುಂಬಿಕೊಂಡು ಉಬ್ಬುತ್ತದೆ. ಇದು ಖಚಿತವಾಗಿ, ಅದಕ್ಕೆ ತಕ್ಕ ಶಸ್ತ್ರಚಿಕಿತ್ಸೆಯನ್ನು ಓರ್ವರ್ ಸ್ವೆನ್ಸನ್ ರೂಪಿಸುವ ಹೊತ್ತಿಗೆ 1948 ಬಂದಿತ್ತು.

ಇದಕ್ಕೂ ಥೈರಾಯ್ಡಿಗೂ ನಂಟಿದೆ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಥೈರಾಯ್ಡಿನ ಕತೆ ಬೇರೆ ದಾರಿಯಲ್ಲಿ ಸಾಗಿತ್ತು. 1959ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹಜಾರ್ಡ್, ಹಾಕ್, ಕ್ರೈಲ್ ಎಂಬ ಮೂವರು ಮೆಡುಲರಿ ಎಂಬ ಥೈರಾಯ್ಡ್ ಕ್ಯಾನ್ಸರನ್ನು ಉಳಿದವುಗಳಿಂದ ಬೇರೆ ಮಾಡಿ ತೋರಿಸಿದರು. 1966ರಲ್ಲಿ ಬ್ರಿಟನ್ನಿನ ಡಿಲ್ವಿನ್ ವಿಲಿಯಮ್ಸ್ 67 ರೋಗಿಗಳ ವಿವರ ಕಲೆಹಾಕಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ. ಈ ಕ್ಯಾನ್ಸರು ಥೈರಾಯ್ಡಿನ ಮಾಮೂಲಿ ಕೋಶಗಳದ್ದಲ್ಲ, ಅವುಗಳ ನಡುವೆ ಚದುರಿರುವ, ಈಗ ನಾವು ಸಿ ಕೋಶ ಎನ್ನುವ ಬೇರೊಂದು ಜಾತಿಯದ್ದು ಎಂದು ವಾದಿಸಿದ. ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನು ಮಾಡುವ ಕೋಶಗಳಿವು.

ಅದೇ ವರ್ಷ ವಿಲಿಯಮ್ಸ್ ಮತ್ತು ಪೊಲಾಕ್ ಇನ್ನೊಂದು ವಿಚಿತ್ರವನ್ನು ಬರೆದರು. ಕೆಲವು ರೋಗಿಗಳ ತುಟಿಯಲ್ಲಿ, ನಾಲಿಗೆಯ ತುದಿಯಲ್ಲಿ ಸಣ್ಣ ಸಣ್ಣ ನರದ ಗಂಟುಗಳಿದ್ದವು. ಜೊತೆಗೆ ಥೈರಾಯ್ಡಿನಲ್ಲಿ, ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆ. ಇಂದು ಈ ಕಾಯಿಲೆಗೆ ಎಂಇಎನ್ 2ಬಿ ಎಂದು ಹೆಸರು. ತುಟಿ ದಪ್ಪ, ಮೈ ನೀಳ ತೆಳು. ಒಮ್ಮೆ ನೋಡಿದ ವೈದ್ಯರು ಆ ಮುಖವನ್ನು ಮರೆಯುವುದಿಲ್ಲ.

ಮುಖ ನೋಡಿದವರು ಹೊಟ್ಟೆಯನ್ನು ಅಷ್ಟು ಗಮನಿಸಿರಲಿಲ್ಲ. 1976ರಲ್ಲಿ ಮೇಯೋ ಕ್ಲಿನಿಕ್ಕಿನ ಏಡನ್ ಕಾರ್ನಿ ಮತ್ತು ಸಂಗಡಿಗರು ಇಂಥವರ ಕರುಳನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಹಿರ್ಷ್‌ಸ್ಪ್ರುಂಗನ ಕೂಸುಗಳದ್ದಕ್ಕೆ ಪೂರಾ ತಿರುವುಮುರುವು: ಇಲ್ಲಿ ನರಕೋಶಗಳು ಇಲ್ಲದಿರುವುದಲ್ಲ, ಮಿತಿಮೀರಿ ಬೆಳೆದಿದ್ದವು. ಗೋಡೆಯೊಳಗೆ ನರದ ದಪ್ಪ ಪಟ್ಟಿಗಳು, ಆದರೆ ಒಂದಕ್ಕೊಂದು ತಾಳವಿಲ್ಲ. ಪರಿಣಾಮ ಮಾತ್ರ ಒಂದೇ: ಮಲಬದ್ಧತೆ, ಹಿಗ್ಗಿದ ಕರುಳು, ಉಬ್ಬಿದ ಹೊಟ್ಟೆ. ಇದು ಹಲವರಲ್ಲಿ ತೊಟ್ಟಿಲಲ್ಲೇ ಶುರುವಾಗುತ್ತದೆ, ಕ್ಯಾನ್ಸರು ಯಾರ ಕಣ್ಣಿಗಾದರೂ ಬೀಳುವುದಕ್ಕೆ ವರ್ಷಗಳ ಮೊದಲು. ನಮ್ಮ ಕಡೆಯ ಅಜ್ಜಿಯರು ಇಂಥ ಕೂಸಿನ ಹೊಕ್ಕುಳ ಸುತ್ತ ಇಂಗು ತೇಯ್ದು ಹಚ್ಚುತ್ತಾರೆ, ವೀಳ್ಯದೆಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಹೊಟ್ಟೆಯ ಮೇಲಿಡುತ್ತಾರೆ. ಬಹುಪಾಲು ಕೂಸುಗಳಿಗೆ ಅದು ಬರೀ ವಾಯುವೇ ಆಗಿರುತ್ತದೆ. ಎಲ್ಲೋ ಒಂದು ಕೂಸಿನದು ಹಾಗಲ್ಲ, ಮತ್ತು ಅದನ್ನು ಹೊರಗಿನಿಂದ ಮುಟ್ಟಿ ತಿಳಿಯುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಕೀಲಿಕೈ ಸಿಕ್ಕಿದ್ದು ಇದನ್ನು ಹುಡುಕದೇ ಇದ್ದವರಿಗೆ. 1985ರಲ್ಲಿ ಮಸಹಿದೆ ತಕಾಹಾಶಿ, ಜೆಫ್ರಿ ಕೂಪರ್ ಮತ್ತು ಜೊತೆಗಾರರು ಮನುಷ್ಯನ ಲಿಂಫೋಮಾದ ಡಿಎನ್‌ಎಯನ್ನು ಇಲಿಯ ಕೋಶಗಳಿಗೆ ಸೇರಿಸುತ್ತಿದ್ದಾಗ ಹೊಸ ಜೀನೊಂದು ಎದ್ದು ಕಂಡಿತು. ಅದರ ತುಂಡುಗಳು ಜೋಡಣೆ ಬದಲಿಸಿದ್ದು ರೋಗಿಯ ದೇಹದಲ್ಲಲ್ಲ, ಪ್ರಯೋಗದ ನಡುವೆಯೇ. ಪ್ರಯೋಗದ ಈ ಆಕಸ್ಮಿಕದಿಂದಲೇ ಅದಕ್ಕೆ ರೆಟ್ ಎಂಬ ಹೆಸರು ಬಂತು. 1993ರಲ್ಲಿ ಕೇಂಬ್ರಿಜ್‌ನ ಬ್ರೂಸ್ ಪಾಂಡರ್ ತಂಡ, ಮನೆತನದಲ್ಲಿ ಹರಿದುಬರುವ ಮೆಡುಲರಿ ಕ್ಯಾನ್ಸರಿನ ಒಂದು ಬಗೆಗೆ ಇದೇ ರೆಟ್‌ನ ದೋಷ ಕಾರಣ ಎಂದು ತೋರಿಸಿತು.

ಆಮೇಲೆ 1994ರ ಜನವರಿ 27. ಅಂದಿನ ನೇಚರ್ ಪತ್ರಿಕೆಯನ್ನು ತೆರೆದರೆ 375ನೇ ಪುಟದಿಂದ ನಾಲ್ಕು ಪ್ರಬಂಧಗಳು ಸಾಲಾಗಿ ಸಿಗುತ್ತವೆ, ನಾಲ್ಕೂ ರೆಟ್ ಬಗ್ಗೆ. ಮೊದಲನೆಯದು ಹೋಫ್‌ಸ್ಟ್ರಾ ಮತ್ತಿತರರದು: ಎಂಇಎನ್ 2ಬಿಗೆ ಕಾರಣ ರೆಟ್‌ನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಅದರಿಂದ ಪ್ರೋಟೀನಿನ 918ನೇ ಜಾಗದಲ್ಲಿ ಮೆಥಿಯೊನೀನ್ ಇರಬೇಕಾದಲ್ಲಿ ಥ್ರಿಯೊನೀನ್ ಬಂದು ಕೂತಿತ್ತು. ಮುಂದಿನ ಎರಡು, ರೊಮಿಯೊ ತಂಡದ್ದು ಮತ್ತು ಎಡರಿ ತಂಡದ್ದು: ಹಿರ್ಷ್‌ಸ್ಪ್ರುಂಗ್ ಕಾಯಿಲೆಯ ಕುಟುಂಬಗಳಲ್ಲೂ ರೆಟ್ ಕೆಟ್ಟಿದೆ. ನಾಲ್ಕನೆಯದರಲ್ಲಿ ಶುಕಾರ್ಟ್ ಮತ್ತಿತರರು ರೆಟ್ ತೆಗೆದುಹಾಕಿದ ಇಲಿಮರಿಗಳ ಕರುಳಲ್ಲಿ ನರಗಳೇ ಬೆಳೆದಿರಲಿಲ್ಲ. ಬೇರೆ ಬೇರೆ ಆಸ್ಪತ್ರೆಗಳ ಕಪಾಟುಗಳಲ್ಲಿ ಮಲಗಿದ್ದ ಎರಡು ಕಾಯಿಲೆಗಳು ಒಂದೇ ವಾರದ ಸಂಚಿಕೆಯಲ್ಲಿ ಒಂದೇ ಮನೆಯವು ಎಂದು ಗೊತ್ತಾಯಿತು. ಆ ಪುಟಸಂಖ್ಯೆಗಳನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ರೆಟ್ ಎಂದರೆ ಕೋಶದ ಹೊರಮೈಯಲ್ಲಿರುವ ಕಿವಿ ಎನ್ನಬಹುದು. ಗರ್ಭದಲ್ಲಿ ನರಕೋಶಗಳು ಕುತ್ತಿಗೆಯ ಕಡೆಯಿಂದ ಹೊರಟು ಕರುಳಿನ ತುದಿಯವರೆಗೆ ನಡೆಯಬೇಕು. ಬಾ ಬಾ ಎಂಬ ಕರೆಯನ್ನು ಕೇಳಿಸಿಕೊಳ್ಳುವುದು ಈ ರೆಟ್. ಕಿವಿ ಮಂದವಾದರೆ ನರಗಳು ಅರ್ಧ ದಾರಿಯಲ್ಲೇ ನಿಲ್ಲುತ್ತವೆ, ಅದು ಹಿರ್ಷ್‌ಸ್ಪ್ರುಂಗ್. ಯಾರೂ ಕರೆಯದಿದ್ದರೂ ಕಿವಿಯಲ್ಲಿ ಕರೆ ಮೊಳಗುತ್ತಲೇ ಇದ್ದರೆ ನರಗಳು ಬೆಳೆದೇ ಬೆಳೆಯುತ್ತವೆ, ಥೈರಾಯ್ಡಿನ ಸಿ ಕೋಶಗಳೂ ಬೆಳೆದು ಕ್ಯಾನ್ಸರಾಗುತ್ತವೆ. ಅದು ಎಂಇಎನ್ 2ಬಿ. ಹೊಟ್ಟೆ ಉಬ್ಬುವುದು ಎರಡರಲ್ಲೂ.

ನರಗಳೂ ಸಿ ಕೋಶಗಳೂ ಒಂದೇ ತವರಿನವು ಎಂದು ಬಹಳ ಕಾಲ ನಂಬಿದ್ದರು. ಫ್ರಾನ್ಸಿನ ನಿಕೋಲ್ ಲ ದುಆರೆಂ 1970ರ ದಶಕದಲ್ಲಿ ಗೌಜಲಹಕ್ಕಿಯ ಕೋಶಗಳನ್ನು ಕೋಳಿಯ ಭ್ರೂಣಕ್ಕೆ ಕಸಿಮಾಡಿ ಹಾಗೆಂದು ತೋರಿಸಿದ್ದರು. ಹಕ್ಕಿಗಳಲ್ಲಿ ಕಂಡದ್ದು ಸಸ್ತನಿಗಳಿಗೆ ಹೊಂದುವುದಿಲ್ಲ, ಇಲಿಯ ಸಿ ಕೋಶಗಳ ಮೂಲ ಬೇರೆ ಎಂದು 2015ರಲ್ಲಿ ಗೊತ್ತಾಯಿತು. ತವರು ಬೇರೆಯಾದರೂ ರೆಟ್ ಎರಡರಲ್ಲೂ ಇದೆ.

ಈಗ ಒಂದು ರಕ್ತಪರೀಕ್ಷೆಯಿಂದ 918ರ ದೋಷ ಸಿಗುತ್ತದೆ. ಸಿಕ್ಕರೆ ಮಗುವಿಗೆ ವರ್ಷ ತುಂಬುವುದರೊಳಗೆ ಥೈರಾಯ್ಡ್ ತೆಗೆಯಬೇಕೆಂದು ತಜ್ಞರ ಸಲಹೆ. ಕಷ್ಟವೆಂದರೆ ಬಹಳಷ್ಟು ಮಕ್ಕಳಲ್ಲಿ ಈ ದೋಷ ತಂದೆತಾಯಿಯಿಂದ ಬಂದದ್ದಲ್ಲ, ಹೊಸದಾಗಿ ಹುಟ್ಟಿಕೊಂಡದ್ದು. ಮನೆತನದಲ್ಲಿ ಯಾರಿಗೂ ಇಲ್ಲದ್ದನ್ನು ಯಾರು ಪರೀಕ್ಷಿಸುತ್ತಾರೆ? ಸುಳಿವು ಕೊಡಬಲ್ಲದ್ದು ಆ ಹೊಟ್ಟೆ, ಮತ್ತು ಇನ್ನೊಂದು ಗುರುತು.

ಸಂಕ್ರಾಂತಿಗೆ ಅಕ್ಕ ಮತ್ತೆ ಫೋನು ಮಾಡಿದಾಗ ಇದೆಲ್ಲ ಹೇಳಿದೆ. ಅವಳ ಹೊಟ್ಟೆ ಇಳಿದಿತ್ತು, ಎಳ್ಳುಬೆಲ್ಲ ತಿನ್ನುತ್ತ ಕೇಳಿಸಿಕೊಂಡಳು. ಇಂಥ ಕೂಸುಗಳಲ್ಲಿ ಹಲವಕ್ಕೆ ಅತ್ತರೆ ಕಣ್ಣೀರು ಬರುವುದಿಲ್ಲ ಎಂದಾಗ ಅಗಿಯುವುದು ನಿಂತಿತು.

"ಅಷ್ಟು ಹೊಟ್ಟಿ ನೋವಿದ್ರೂ?" ಎಂದಳು.