ಬೆಳಗ್ಗೆ ಎದ್ದು ಕಾಲಿಟ್ಟರೆ ಹಿಮ್ಮಡಿ ಚುಚ್ಚುತ್ತಾ? ಬಿಸಿ ಇಟ್ಟಿಗೆ ತುಳಿಯುವ ಮುಂಚೆ ಇದನ್ನು ಓದಿ

ಕಡೂರು: ಬೆಳಗ್ಗೆ ಹಾಸಿಗೆಯಿಂದ ಎದ್ದು ನೆಲಕ್ಕೆ ಕಾಲಿಟ್ಟ ತಕ್ಷಣ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗೆ ನೋವು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸ್ವಲ್ಪ ಕಡಿಮೆ. ಅಂಗಡಿ ಬಾಗಿಲು ತೆಗೆದ ಮೇಲೆ ಹೇಗೋ ನಡೆಯುತ್ತೆ. ಮಧ್ಯಾಹ್ನ ಊಟಕ್ಕೆ ಕೂತು ಎದ್ದರೆ ಮತ್ತೆ ಅದೇ ಕಥೆ. ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಕಾಲು ಊರೋಕೇ ಆಗಲ್ಲ.

ಹೀಗಿದ್ದರೆ ಬಹುತೇಕ ಅದು ಪ್ಲಾಂಟರ್ ಫೇಶಿಯೈಟಿಸ್. ಹಿಮ್ಮಡಿ ನೋವಿಗೆ ಅತಿ ಸಾಮಾನ್ಯ ಕಾರಣ ಇದೇ. ಸುಮಾರು 10 ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಹಿಮ್ಮಡಿ ನೋವು ಕಾಡುತ್ತದೆ. 40ರಿಂದ 60 ವರ್ಷದವರಲ್ಲಿ ಜಾಸ್ತಿ.

ನೋವು ಎಲ್ಲಿಂದ ಬರುತ್ತೆ?

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಕೆಳಗೆ ಗಟ್ಟಿಯಾದ ಒಂದು ಪಟ್ಟಿ ಇದೆ. ಪಾದವನ್ನು ಬಿಲ್ಲು ಅಂದುಕೊಂಡರೆ ಈ ಪಟ್ಟಿ ಅದರ ಹೆದೆ. ನಿಂತಾಗ, ನಡೆದಾಗ ದೇಹದ ಭಾರಕ್ಕೆ ಇದು ಎಳೆಯುತ್ತಲೇ ಇರುತ್ತದೆ. ಎಳೆತ ಮಿತಿ ಮೀರಿದರೆ ಹಿಮ್ಮಡಿಗೆ ಅಂಟಿಕೊಂಡಿರುವ ಜಾಗದಲ್ಲಿ ಪಟ್ಟಿ ಸವೆದು ನೋಯಲು ಶುರುವಾಗುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಗೆ ಬಾಗಿ ಪಟ್ಟಿ ಬಿಗಿಯಾಗಿರುತ್ತೆ. ಬೆಳಗ್ಗೆ ಮೊದಲ ಹೆಜ್ಜೆಗೆ ಒಮ್ಮೆಲೇ ಹಿಗ್ಗುತ್ತೆ. ಅದಕ್ಕೇ ಆ ಹೊತ್ತಿನ ನೋವು ಅಷ್ಟು ಜೋರು.

ಯಾರಿಗೆ ಜಾಸ್ತಿ?

ಟೈಲ್ಸ್, ಗ್ರಾನೈಟ್ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವವರಿಗೆ. ಬಟ್ಟೆ ಅಂಗಡಿಯ ಹುಡುಗಿಯರು, ಹೋಟೆಲ್ ಅಡುಗೆಯವರು, ಕ್ಷೌರದವರು, ಮೇಷ್ಟ್ರುಗಳು ಎಲ್ಲರೂ ಈ ಸಾಲಿಗೆ ಸೇರುತ್ತಾರೆ. ತೂಕ ಹೆಚ್ಚಿದ್ದವರು, ಮೀನಖಂಡ ಬಿಗಿ ಇರುವವರು, ಚಪ್ಪಟೆ ಪಾದದವರು, ಸವೆದ ಹವಾಯಿ ಚಪ್ಪಲಿಯಲ್ಲೇ ದಿನ ಕಳೆಯುವವರಿಗೂ ಅಪಾಯ ಜಾಸ್ತಿ. ವರ್ಷವೆಲ್ಲ ನಡೆಯದೆ ಇದ್ದು, ದೀಪಾವಳಿಗೆ ದೇವಿರಮ್ಮನ ಬೆಟ್ಟವನ್ನು ಒಂದೇ ಉಸಿರಿಗೆ ಬರಿಗಾಲಲ್ಲಿ ಹತ್ತಿಳಿದರೂ ಹಿಮ್ಮಡಿ ಹಿಡಿದುಕೊಳ್ಳಬಹುದು.

ಎಕ್ಸ್‌ರೇನಲ್ಲಿ ‘ಮೂಳೆ ಬೆಳೆದಿದೆ’ ಅಂದರೆ?

ಗಾಬರಿ ಬೇಡ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇಂಥ ಮೂಳೆಯ ಮುಳ್ಳು ಇರುತ್ತದೆ. ಸಾಮಾನ್ಯವಾಗಿ ನೋವಿಗೆ ಕಾರಣ ಮುಳ್ಳಲ್ಲ, ಪಟ್ಟಿ. ಆಪರೇಷನ್ ಬೇಕಾಗುವುದು ಬಹಳ ಅಪರೂಪ.

ಬಿಸಿ ಇಟ್ಟಿಗೆ, ಎಕ್ಕದ ಎಲೆ

ನಮ್ಮ ಕಡೆ ಹಳೆಯ ಮದ್ದು ಇದು. ಕಾದ ಇಟ್ಟಿಗೆ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತುವುದು. ಶಾಖದಿಂದ ಸ್ವಲ್ಪ ಹೊತ್ತು ಹಾಯ್ ಅನಿಸೋದು ನಿಜ. ಆದರೆ ಸಕ್ಕರೆ ಕಾಯಿಲೆ ಇರುವವರು ಇದನ್ನು ಮಾಡಲೇಬಾರದು. ಅವರ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು, ಸುಟ್ಟರೂ ಗೊತ್ತಾಗಲ್ಲ. ಬೊಬ್ಬೆ ಎದ್ದು, ಹುಣ್ಣಾಗಿ, ಬೆರಳು ಅಥವಾ ಪಾದವನ್ನೇ ತೆಗೆಯುವ ಹಂತಕ್ಕೆ ಹೋಗಬಹುದು. ಎಕ್ಕದ ಹಾಲು ಕಣ್ಣಿಗೆ ತಾಗಿದರೂ ಅಪಾಯ.

ಮನೆಯಲ್ಲೇ ಮಾಡುವ ಮೂರು ಕೆಲಸ

1. ಹಾಸಿಗೆ ಬಿಡುವ ಮುಂಚೆಯೇ ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆ ಎಳೆಯಿರಿ. 10 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಸಲ, ದಿನಕ್ಕೆ 3 ಬಾರಿ.

2. ಗೋಡೆಗೆ ಎರಡೂ ಕೈ ಊರಿ, ನೋಯುವ ಕಾಲು ಹಿಂದೆ ಇಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲಿ. ಮೀನಖಂಡ ಎಳೆಯಬೇಕು. 30 ಸೆಕೆಂಡಿನಂತೆ 3 ಸಲ.

3. ಫ್ರಿಜ್‌ನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ, ಅಂಗಾಲಿನ ಕೆಳಗೆ 10 ನಿಮಿಷ ಉರುಳಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಇದನ್ನೂ ಬಿಡಿ.

ಎರಡು ದಿನಕ್ಕೆ ವಾಸಿಯಾಗುವ ನೋವಲ್ಲ ಇದು. ಆದರೆ ಬಿಡದೆ ಮಾಡಿದರೆ 10ರಲ್ಲಿ 8–9 ಜನಕ್ಕೆ ವರ್ಷದೊಳಗೆ ವಾಸಿಯಾಗುತ್ತದೆ. ತೂಕ ಇಳಿಸಿದರೆ ಇನ್ನೂ ಒಳ್ಳೆಯದು.

ಅಂಗಡಿಯವರೇ, ಒಂದು ಸ್ಟೂಲ್ ಇಡಿ

ಅಂಗಡಿ ಒಳಗೆ ಚಪ್ಪಲಿ ಹಾಕಬಾರದು ಅನ್ನೋ ರೂಢಿ ನಮ್ಮಲ್ಲಿ ಬಹಳ ಕಡೆ ಇದೆ. ಬರಿಗಾಲು, ಗಟ್ಟಿ ನೆಲ, ದಿನವಿಡೀ ನಿಲ್ಲುವುದು ಮೂರೂ ಸೇರಿದರೆ ಹಿಮ್ಮಡಿಗೆ ಕಷ್ಟ. ರೂಢಿ ಬಿಡಲು ಮನಸ್ಸಿಲ್ಲದಿದ್ದರೆ ಒಳಗಡೆಗೇ ಅಂತ ಒಂದು ಜೊತೆ ಹೊಸ, ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ. ಅದೂ ಬೇಡವೆಂದರೆ ಕೌಂಟರ್ ಹಿಂದೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ. ಕೊಳ್ಳುವ ಚಪ್ಪಲಿಯ ಹಿಮ್ಮಡಿ ಭಾಗ ಸ್ವಲ್ಪ ಎತ್ತರವಿದ್ದು, ಪಾದದ ನಡುವಿಗೆ ಆಸರೆ ಇರಲಿ.

ಕೆಲಸದವರಿಗೆ ಗಿರಾಕಿ ಇಲ್ಲದಾಗ ಕೂರಲು ಒಂದು ಸ್ಟೂಲ್ ಕೊಡಿ. ಬಟ್ಟೆ ಅಂಗಡಿ ಹೆಣ್ಣುಮಕ್ಕಳ ಹೋರಾಟದ ನಂತರ ಕೇರಳ 2018ರಲ್ಲಿ ಕಾನೂನು ತಿದ್ದಿ, ಅಂಗಡಿ ಕೆಲಸದವರಿಗೆ ಆಸನ ಕಡ್ಡಾಯ ಮಾಡಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಕಾನೂನು ಹೇಳಲಿ ಬಿಡಲಿ, ಸ್ಟೂಲ್ ಇಡೋಕೆ ಖರ್ಚೇನೂ ದೊಡ್ಡದಲ್ಲ.

ಮಾತ್ರೆ, ಇಂಜೆಕ್ಷನ್

ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಬರಬಹುದು, ಬಿಪಿ ಏರಬಹುದು. ಹಿಮ್ಮಡಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸುತ್ತೆ. ಪದೇ ಪದೇ ತೆಗೆದುಕೊಂಡರೆ ಪಟ್ಟಿ ಹರಿಯುವ, ಹಿಮ್ಮಡಿಯ ಮೆತ್ತನೆ ಕೊಬ್ಬು ಕರಗುವ ಅಪಾಯವಿದೆ.

ಡಾಕ್ಟರ್ ಹತ್ತಿರ ಯಾವಾಗ?

ಬಿದ್ದ ಮೇಲೆ ಕಾಲು ಊರಲು ಆಗದಿದ್ದರೆ, ಹಿಮ್ಮಡಿ ಕೆಂಪಾಗಿ ಊದಿಕೊಂಡು ಜ್ವರ ಬಂದರೆ, ಪಾದ ಜೋಮು ಹಿಡಿದರೆ, ಮಲಗಿದ್ದಾಗಲೂ ನೋವಿದ್ದರೆ ತಡ ಮಾಡಬೇಡಿ. ಹರೆಯದವರಿಗೆ ಹಿಮ್ಮಡಿ ನೋವಿನ ಜೊತೆ ಬೆಳಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸೊಂಟ ಬಿಗಿಯುತ್ತಿದ್ದರೆ ಅದು ಸಂಧಿವಾತದ ಲಕ್ಷಣವಿರಬಹುದು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸಣ್ಣ ಗಾಯವಾದರೂ ಅದೇ ದಿನ ತೋರಿಸಿ. ಉಳಿದವರು ವ್ಯಾಯಾಮ ಮಾಡಿಯೂ ಒಂದೂವರೆ ತಿಂಗಳಲ್ಲಿ ಕಡಿಮೆಯಾಗದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೋ ಮೂಳೆ ಡಾಕ್ಟರ್ ಹತ್ತಿರವೋ ಪರೀಕ್ಷೆ ಮಾಡಿಸಿ.

ನಾಳೆ ಬೆಳಗ್ಗೆ ಎದ್ದ ಕೂಡಲೇ ಕಾಲು ಕೆಳಗಿಡಬೇಡಿ. ಮೊದಲು ಆ 10 ಸಲ ಎಳೆಯಿರಿ, ಆಮೇಲೆ ಎದ್ದೇಳಿ.