ರೇಡಿಯೋಹೆಡ್: ಗಿಟಾರ್ ಪಕ್ಕಕ್ಕಿಟ್ಟ ರಾಕ್ ಬ್ಯಾಂಡ್

'ಕ್ರೀಪ್' ಹಾಡನ್ನ ನಿಮ್ಮಲ್ಲಿ ತುಂಬಾ ಜನ ಕೇಳಿರ್ತೀರ. ಆದ್ರೆ ಅದೇ ರೇಡಿಯೋಹೆಡ್‌ನ 'ಕಿಡ್ ಎ' ಆಲ್ಬಂ ಹಾಕಿದ್ರೆ, "ಇದು ಅದೇ ಬ್ಯಾಂಡಾ?" ಅಂತ ಅನುಮಾನ ಬರುತ್ತೆ. ಅದೇ ಬ್ಯಾಂಡ್, ಅದೇ ಐದು ಜನ. ಎಂಟು ವರ್ಷದಲ್ಲಿ ಇಷ್ಟು ಬದಲಾವಣೆ ಹೇಗಾಯ್ತು?

ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಶಾಲೆಯಲ್ಲಿ 1985ರಲ್ಲಿ ಶುರುವಾದಾಗ ಇವರ ಹೆಸರು 'ಆನ್ ಎ ಫ್ರೈಡೇ'. ಪ್ರಾಕ್ಟೀಸ್ ಮಾಡ್ತಿದ್ದದ್ದು ಶುಕ್ರವಾರ, ಅದಕ್ಕೆ. 1992ರಲ್ಲಿ 'ಕ್ರೀಪ್' ಬಂತು. ಪಲ್ಲವಿಗೆ ಮುಂಚೆ 'ಕ್ರಚ್' ಅಂತ ಗಿಟಾರ್ ಒದರುತ್ತಲ್ಲ, ಅದು ಜಾನಿ ಗ್ರೀನ್‌ವುಡ್ ಕೆಲಸ. ಹಾಡು ತೀರಾ ಮೆತ್ತಗಿದೆ ಅಂತ ಕೆಡಿಸೋಕೆ ಹೊಡೆದದ್ದು; ಕೊನೆಗೆ ಅದೇ ಹಾಡಿನ ಗುರುತಾಯ್ತು.

1997ರ 'ಓಕೆ ಕಂಪ್ಯೂಟರ್' ಇವರನ್ನ ಜಗತ್ತಿನ ದೊಡ್ಡ ಬ್ಯಾಂಡ್‌ಗಳ ಸಾಲಿಗೆ ತಂದಿತು. ಯಂತ್ರ, ವೇಗ, ಒಂಟಿತನ ಅದರ ವಿಷಯ. 'ಫಿಟರ್ ಹ್ಯಾಪಿಯರ್' ಅನ್ನೋ ಟ್ರ್ಯಾಕ್‌ನಲ್ಲಿ ಮಾತಾಡೋದು ಮನುಷ್ಯನೇ ಅಲ್ಲ, ಮ್ಯಾಕ್ ಕಂಪ್ಯೂಟರಿನ ಕೃತಕ ದನಿ.

ಇದೇ ಫಾರ್ಮುಲಾ ಮತ್ತೆ ಹಾಕಿದ್ರೆ ಮಾರಾಟ ಖಾತ್ರಿ ಇತ್ತು. ಆದ್ರೆ ಗಾಯಕ ಥಾಮ್ ಯಾರ್ಕ್‌ಗೆ ಗಿಟಾರ್ ರಾಕ್ ಸಾಕಾಗಿತ್ತು, ಹಾಡು ಬರೆಯೋಕೇ ಆಗ್ತಿರಲಿಲ್ಲ. 2000ದ 'ಕಿಡ್ ಎ'ನಲ್ಲಿ ಮುಂದೆ ಬಂದದ್ದು ಸಿಂಥಸೈಜರ್ ಮತ್ತು ಡ್ರಮ್ ಮಷಿನ್.

ನಮ್ಮಂಥ ಇಂಜಿನಿಯರಿಂಗ್ ಮಂದಿಗೆ ಮಜಾ ಇರೋದು 'ಇಡಿಯೋಟೆಕ್'ನಲ್ಲಿ. 1973ರಲ್ಲಿ ಪಾಲ್ ಲ್ಯಾನ್ಸ್ಕಿ ಎಂಬ ಸಂಗೀತಗಾರ ಪ್ರಿನ್ಸ್‌ಟನ್‌ನಲ್ಲಿ ಐಬಿಎಂ ಮೇನ್‌ಫ್ರೇಮ್ ಮೇಲೆ ಎಫ್‌ಎಂ ಸಿಂಥೆಸಿಸ್ ಬಳಸಿ ಒಂದು ಕೃತಿ ಮಾಡಿದ್ದರು. ಅದರಿಂದ ನಾಲ್ಕು ಕಾರ್ಡ್‌ಗಳ ಒಂದು ಚೂರು ಕತ್ತರಿಸಿ, ಲೂಪ್ ಮಾಡಿ, ಅದರ ಕೆಳಗೆ ಬೀಟ್ ಕೂರಿಸಿದರು. ಹಾಡು ನಿಂತಿರೋದೇ ಆ ಚೂರಿನ ಮೇಲೆ. 'ಹೌ ಟು ಡಿಸಪಿಯರ್ ಕಂಪ್ಲೀಟ್ಲಿ'ಯಲ್ಲಿ ಅಳುವಂತೆ ಕೇಳೋದು ಓಂಡ್ ಮಾರ್ಟಿನೋ ಎಂಬ 1928ರ ಫ್ರೆಂಚ್ ಎಲೆಕ್ಟ್ರಾನಿಕ್ ವಾದ್ಯ. ಬೆರಳಿಗೆ ಉಂಗುರ ಹಾಕ್ಕೊಂಡು ತಂತಿಯುದ್ದಕ್ಕೂ ಸರಿಸಿದ್ರೆ ಸ್ವರ ಪಿಟೀಲಿನ ಹಾಗೆ ಜಾರುತ್ತೆ.

ಸಿಂಗಲ್ ಒಂದೂ ಬಿಡದಿದ್ರೂ 'ಕಿಡ್ ಎ' ಬ್ರಿಟನ್, ಅಮೆರಿಕ ಎರಡರಲ್ಲೂ ನಂಬರ್ 1 ಆಯ್ತು. 2007ರಲ್ಲಿ 'ಇನ್ ರೇನ್‌ಬೋಸ್' ಆಲ್ಬಮನ್ನ ತಮ್ಮ ವೆಬ್‌ಸೈಟಿನಲ್ಲಿಟ್ಟು, ಬೆಲೆ ನೀವೇ ಹಾಕಿ, ಸೊನ್ನೆಯಾದ್ರೂ ಸರಿ ಅಂದರು. ಗಿಟಾರ್ ಇಲ್ಲಿ ವಾಪಸ್ ಬಂತು, ಆದ್ರೆ ಈಗ ಅದು ಎಲೆಕ್ಟ್ರಾನಿಕ್ ಬೀಟ್ ಜೊತೆ ಹೊಂದ್ಕೊಂಡಿತ್ತು.

ಗೆದ್ದ ದಾರಿಯನ್ನೇ ಬಿಟ್ಟು ಬರೋ ಧೈರ್ಯ, ಅದೇ ಇವರ ನಿಜವಾದ ಶೈಲಿ ಅನ್ಸುತ್ತೆ. ಹೊಸಬರು ನೇರವಾಗಿ 'ಕಿಡ್ ಎ'ಗೆ ಹಾರಬೇಡಿ. ಮೊದಲು 'ದ ಬೆಂಡ್ಸ್', ಆಮೇಲೆ 'ಓಕೆ ಕಂಪ್ಯೂಟರ್', ನಂತರ ಅದು. ಹೆಡ್‌ಫೋನ್ ಕಡ್ಡಾಯ!